ತಕ್ಕಡಿಗೆ ಕರುಣೆಯಿಲ್ಲ

ಪರೀಕ್ಷೆ ಮುಗಿದಿದೆ, ಅಟ್ಟದ ಮೇಲಿನ ಸೂಟ್‌ಕೇಸ್‌ಗಳು ಧೂಳು ಕೊಡವಿಕೊಂಡು ಕೆಳಗಿಳಿದಿವೆ. ಇನ್ನು ಮನೆಮನೆಯಲ್ಲೂ ಒಂದೇ ಜಗಳ: ಯಾವುದು ಒಳಗೆ, ಯಾವುದು ಹೊರಗೆ? ಗಂಟು ಕಟ್ಟುವ ವಿದ್ಯೆ ತುರುಕುವುದರಲ್ಲಿಲ್ಲ, ಬಿಡುವುದರಲ್ಲಿದೆ. ಶಬರಿಮಲೆಯ ಇರುಮುಡಿ, ಜೋಳದ ರೊಟ್ಟಿಯ ಬುತ್ತಿ, ಮೈಸೂರಿನ ಪ್ರಯೋಗಾಲಯ ಎಲ್ಲವೂ ಹೇಳುವುದು ಅದನ್ನೇ.

ರಾತ್ರಿ ಹನ್ನೊಂದೂವರೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅಮೆರಿಕಕ್ಕೆ ಹೊರಟವರ ಸಾಲು. ಕೌಂಟರಿನ ಪಕ್ಕ ನೀಲಿ ಸೂಟ್‌ಕೇಸೊಂದು ಅಡ್ಡಡ್ಡ ಮಲಗಿದೆ. ಗುರುತು ಸಿಗಲೆಂದು ಅದರ ಹಿಡಿಗೆ ಹಳೆ ಸೀರೆಯ ಕೆಂಪು ಅಂಚು ಕಟ್ಟಿದ್ದಾರೆ. ತಕ್ಕಡಿಯ ಅಂಕಿ ಕುಣಿದು ಕುಣಿದು ನಿಲ್ಲುತ್ತದೆ: 25.6.

"ಎರಡೂವರೆ ಕೆ.ಜಿ. ಜಾಸ್ತಿ ಇದೆ ಸರ್, ತೆಗೀಬೇಕಾಗುತ್ತೆ."

ಇಡೀ ಸಂಸಾರ ನೆಲಕ್ಕೆ ಕೂರುತ್ತದೆ. ಮಗಳ ಬಾಣಂತನಕ್ಕೆ ಹೊರಟ ಅಮ್ಮ ಜಿಪ್ ಎಳೆದದ್ದೇ ತಡ, ಸಾರಿನ ಪುಡಿಯ ಘಮ ಸಾಲಿನ ಕೊನೆಯವರೆಗೂ ಹೋಗುತ್ತದೆ. ಹುಳಿಪುಡಿ, ಅರಳು ಸಂಡಿಗೆ, ಹಪ್ಪಳ, ಅಂಟಿನುಂಡೆಯ ಡಬ್ಬಿ, ಮಗುವಿಗೆ ಕುಲಾವಿ, ಎರಡು ಹಿತ್ತಾಳೆ ದೀಪ.

"ಆ ಮಿಡಿ ಉಪ್ಪಿನಕಾಯಿ ಡಬ್ಬಿ ತೆಗೆದುಬಿಡೇ."

"ಅದನ್ನ ಮುಟ್ಟಬೇಡಿ. ರೀ, ನಿಮ್ಮ ಕೋಟು ತೆಗೀರಿ. ಮೈಮೇಲೆ ಹಾಕ್ಕೊಳ್ಳಿ."

ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಯಜಮಾನರು ಉಣ್ಣೆಯ ಕೋಟು ತೊಟ್ಟು ಬೆವರುತ್ತಾ ನಿಲ್ಲುತ್ತಾರೆ. ದೀಪಗಳು ಬೀಳ್ಕೊಡಲು ಬಂದ ಮಗನ ಕೈಸೇರಿ ಮನೆಗೆ ವಾಪಸಾಗುತ್ತವೆ. ತಕ್ಕಡಿ 22.9 ತೋರಿಸುತ್ತದೆ. ಉಪ್ಪಿನಕಾಯಿ ಗೆದ್ದಿದೆ.

ಒಂದು ವಾರ ಮನೆಯಲ್ಲಿ ಕೂತು ತೆಗೆದುಕೊಳ್ಳಲಾಗದ ತೀರ್ಮಾನ ಕೌಂಟರಿನ ಮುಂದೆ ಹತ್ತು ನಿಮಿಷದಲ್ಲಿ ಆಗಿಹೋಯಿತು. ಅಲ್ಲಿ ಹೊಸ ಜಾಣತನವೇನೂ ಬರಲಿಲ್ಲ. ದಾಟಲಾಗದ ಒಂದು ಅಂಕಿ, 23 ಕೆ.ಜಿ., ಎದುರು ನಿಂತಿತ್ತು, ಅಷ್ಟೇ.

ಈ ಇಪ್ಪತ್ತಮೂರು ಎಲ್ಲಿಂದ ಬಂತು?

23 ಕೆ.ಜಿ. ಎಂದರೆ ಹೆಚ್ಚುಕಡಿಮೆ 50 ಪೌಂಡ್. ದೂರದ ದೇಶಗಳಿಗೆ ಹಾರುವ ಬಹುತೇಕ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಒಂದು ಪೆಟ್ಟಿಗೆಗೆ ಇದೇ ಮಿತಿ. ಇನ್ನೊಂದು ಅಂಕಿ 32 ಕೆ.ಜಿ., ಅಂದರೆ 70 ಪೌಂಡ್. ಎಷ್ಟು ಹಣ ಕೊಟ್ಟರೂ ಒಂದೇ ಪೆಟ್ಟಿಗೆ ಇದಕ್ಕಿಂತ ಭಾರವಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ವಿಮಾನಕ್ಕೆ ಭಾರವಾಗುತ್ತದೆ ಎಂದು ನಾವು ತಿಳಿಯುತ್ತೇವೆ. ನಿಜವಾದ ಕಾರಣ ಮನುಷ್ಯನ ಬೆನ್ನು. ಬೆಲ್ಟು, ಯಂತ್ರ ಎಷ್ಟೇ ಇದ್ದರೂ ಪೆಟ್ಟಿಗೆಯನ್ನು ಎಲ್ಲೋ ಒಂದು ಕಡೆ ಯಾರೋ ಕೈಯಲ್ಲೇ ಎತ್ತಬೇಕು. ಚಿಕ್ಕ ವಿಮಾನಗಳ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲುವಷ್ಟೂ ಎತ್ತರವಿಲ್ಲ. ಕೆಲಸಗಾರ ಮಂಡಿಯೂರಿ, ಬಗ್ಗಿಕೊಂಡೇ ಪೆಟ್ಟಿಗೆಗಳನ್ನು ಜೋಡಿಸುತ್ತಾನೆ. ನಾವು ತುರುಕಿದ ಕೊನೆಯ ಎರಡು ಕಿಲೋವನ್ನು ಹೊರುವವನು ಅವನು.

ದೇಶದೊಳಗಿನ ವಿಮಾನದಲ್ಲಿ ಲೆಕ್ಕ ಇನ್ನೂ ಬಿಗಿ: ಸಾಮಾನ್ಯವಾಗಿ ಹೊಟ್ಟೆಗೆ ಹಾಕಲು 15 ಕೆ.ಜಿ., ಕೈಯಲ್ಲಿ 7 ಕೆ.ಜಿ. ರೈಲು ಮಾತ್ರ ಇನ್ನೂ ಉದಾರಿ.

ಬಾಕ್ಸ್: ಎಲ್ಲಿ ಎಷ್ಟು ಉಚಿತ?

• ರೈಲು: ಎ.ಸಿ. ಮೊದಲ ದರ್ಜೆ 70 ಕೆ.ಜಿ., ಎ.ಸಿ. ಟೂ ಟಯರ್ 50 ಕೆ.ಜಿ., ಎ.ಸಿ. ತ್ರೀ ಟಯರ್ ಮತ್ತು ಸ್ಲೀಪರ್ 40 ಕೆ.ಜಿ., ಎರಡನೇ ದರ್ಜೆ 35 ಕೆ.ಜಿ.

• ರೈಲು ಬೋಗಿಯೊಳಗೆ ಒಯ್ಯಬಹುದಾದ ಟ್ರಂಕಿನ ಅಳತೆ: 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ.

• ಬಸ್ಸು: 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತವಾಗಿತ್ತು. ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಹರಿಯಲಾಯಿತು. ಆ ಟಿಕೆಟಿನ ಚಿತ್ರ ನಾಡೆಲ್ಲ ಓಡಾಡಿತು. ಜನರಿಗೆ ಪುಕ್ಕಟೆ ಎಂದರೆ ಜೊತೆಗಿದ್ದದ್ದಕ್ಕೂ ಪುಕ್ಕಟೆ ಎಂದಲ್ಲ.

ಎರಡು ಮುಡಿ, ಒಂದು ತಲೆ

ಮಿತಿಯನ್ನು ಮೊದಲು ಹಾಕಿಕೊಂಡು ಆಮೇಲೆ ಸಾಮಾನು ಇಡುವುದನ್ನು ಕಾಣಬೇಕೆಂದರೆ ಡಿಸೆಂಬರ್‌ನಲ್ಲಿ ಯಾವುದಾದರೂ ಅಯ್ಯಪ್ಪ ಗುಡಿಯ ಮುಂದೆ ನಿಲ್ಲಬೇಕು. ಗುರುಸ್ವಾಮಿಯ ಎದುರು ಮಾಲಾಧಾರಿ ಕೂತಿರುತ್ತಾನೆ. ನಡುವೆ ಉದ್ದನೆಯ ಬಟ್ಟೆಯ ಚೀಲ. ತೆಂಗಿನಕಾಯಿಯ ಕಣ್ಣು ತೆರೆದು ನೀರು ಬಸಿದು, ಒಳಗೆ ತುಪ್ಪ ತುಂಬಿ, ಬಾಯಿ ಭದ್ರವಾಗಿ ಮುಚ್ಚುತ್ತಾರೆ. ಅದು ಮುಂದಿನ ಮುಡಿಗೆ. ದೇವರಿಗೆ ಸಲ್ಲುವ ಅಕ್ಕಿ, ಬೆಲ್ಲ, ವೀಳ್ಯ ಕೂಡ ಅಲ್ಲಿಗೇ. ಹಿಂದಿನ ಮುಡಿ ಹೊರುವವನ ದಾರಿಖರ್ಚಿಗೆ.

ಎಷ್ಟು ಅಚ್ಚುಕಟ್ಟು ನೋಡಿ. ಚೀಲದ ಗಾತ್ರ ಮೊದಲೇ ಗೊತ್ತು. ಯಾವುದು ಎಲ್ಲಿಗೆ ಎಂಬುದೂ ಗೊತ್ತು. ಎರಡು ಬದಿಯ ತೂಕ ಸರಿಹೊಂದಿದರೆ ಮಾತ್ರ ಅದು ತಲೆಯ ಮೇಲೆ ನಿಲ್ಲುತ್ತದೆ, ಕೈಗಳು ಹತ್ತುವುದಕ್ಕೆ ಬಿಡುವಾಗುತ್ತವೆ. ದಾರಿ ಸಾಗಿದಂತೆ ಹಿಂದಿನ ಮುಡಿ ಕರಗುತ್ತದೆ, ಏರು ಕಡಿದಾಗುವ ಹೊತ್ತಿಗೆ ಹೊರೆಯೂ ಇಳಿದಿರುತ್ತದೆ. ಹದಿನೆಂಟು ಮೆಟ್ಟಿಲು ಏರುವ ಹಕ್ಕು ಇರುಮುಡಿ ಹೊತ್ತವರಿಗೆ ಮಾತ್ರ. ಅಂದಮೇಲೆ ಗಂಟು ಕಟ್ಟುವುದೇ ಯಾತ್ರೆಯ ಮೊದಲ ವಿಧಿ.

ಅಂಥ ಶಿಸ್ತಿನ ಗಂಟಿನೊಳಕ್ಕೂ ಕಾಲಕ್ರಮದಲ್ಲಿ ಹೆಚ್ಚುವರಿ ನುಸುಳಿತು: ಕರ್ಪೂರ, ಊದುಬತ್ತಿ, ಪನ್ನೀರಿನ ಬಾಟಲಿ, ಪ್ಲಾಸ್ಟಿಕ್ ಪೊಟ್ಟಣಗಳು. ಸನ್ನಿಧಾನದಲ್ಲಿ ಇವುಗಳಲ್ಲಿ ಹೆಚ್ಚಿನವು ಕಸವಾಗಿ ರಾಶಿ ಬೀಳುತ್ತಿದ್ದವು. 2024ರ ಯಾತ್ರೆಯ ಕಾಲಕ್ಕೆ ಶಬರಿಮಲೆಯ ತಂತ್ರಿಗಳೇ ಇವನ್ನು ಇರುಮುಡಿಯಿಂದ ಕೈಬಿಡಿ ಎಂದರು, ತಿರುವಾಂಕೂರು ದೇವಸ್ವಂ ಮಂಡಳಿ ಭಕ್ತರಿಗೆ ಅದನ್ನು ತಿಳಿಸಿತು. ದೇವರ ಗಂಟಿಗೇ ಕತ್ತರಿ ಬೇಕಾಯಿತೆಂದರೆ ನಮ್ಮ ಸೂಟ್‌ಕೇಸಿನ ಪಾಡೇನು!

ಅದೇ ವರ್ಷ ಇನ್ನೊಂದು ಸ್ವಾರಸ್ಯ. ವಿಮಾನದಲ್ಲಿ ಪ್ರಯಾಣಿಕರು ಕೈಯಲ್ಲಿ ತೆಂಗಿನಕಾಯಿ ಒಯ್ಯುವಂತಿಲ್ಲ. ಶಬರಿಮಲೆ ಯಾತ್ರಿಕರ ಮಟ್ಟಿಗೆ ನಿಯಮ ಸಡಿಲಿಸಿದ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆಯು, 2025ರ ಜನವರಿ 20ರವರೆಗೆ ತುಪ್ಪದ ಕಾಯಿಯಿದ್ದ ಇರುಮುಡಿಯನ್ನು ತಪಾಸಣೆಯ ಬಳಿಕ ಕ್ಯಾಬಿನ್ನಿನೊಳಕ್ಕೆ ಬಿಟ್ಟಿತು.

ನೀರು ಬಿಟ್ಟು ನಡೆ

ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಸುಡುಬಿಸಿಲು, ಕೊನೆಯಲ್ಲಿ ನಲ್ಲಮಲದ ಕಾಡು. ಈಗ ದಾರಿಯುದ್ದಕ್ಕೂ ಅನ್ನದಾಸೋಹಗಳಿವೆ. ಅವಿಲ್ಲದ ಕಾಲದಲ್ಲಿ ಹೆಗಲ ಮೇಲಿನ ಬುತ್ತಿಯೇ ಗತಿ.

ಆ ಬುತ್ತಿಯನ್ನು ಬಿಚ್ಚಿ ನೋಡಿದರೆ ಅದರ ಲೆಕ್ಕಾಚಾರ ತಿಳಿಯುತ್ತದೆ. ಕಟಿಕಟಿ ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಯಾವುದರಲ್ಲೂ ನೀರಿನ ಪಸೆಯಿಲ್ಲ. ನೀರು ಹೋದರೆ ಎರಡು ಲಾಭ: ತೂಕ ಇಳಿಯುತ್ತದೆ, ಬೂಸು ಹತ್ತುವುದಿಲ್ಲ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ತಿನ್ನುವಾಗ ಒಂದಿಷ್ಟು ಮೊಸರೋ ನೀರೋ ಸಿಕ್ಕರೆ ಸಾಕು. ಅವಲಕ್ಕಿ, ಹುರಿಹಿಟ್ಟು, ಹಪ್ಪಳ, ಪುಳಿಯೋಗರೆ ಗೊಜ್ಜು ಎಲ್ಲದರ ಹಿಂದೆಯೂ ಇರುವುದು ಈ ಬುದ್ಧಿಯೇ. ಹೋದಲ್ಲಿ ನೀರು ಸಿಗುತ್ತದೆ, ಅದನ್ನು ಇಲ್ಲಿಂದ ಹೊರುವುದೇಕೆ?

ಇದೇ ಬುದ್ಧಿ ಪ್ರಯೋಗಾಲಯದ ಕೋಟು ತೊಟ್ಟದ್ದು ಮೈಸೂರಿನಲ್ಲಿ. 1961ರಲ್ಲಿ ಅಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯದ ಕೆಲಸವೇ ಸೈನಿಕನ ಬೆನ್ನುಚೀಲಕ್ಕೆ ಹಗುರವಾದ, ಬಾಳಿಕೆ ಬರುವ ಊಟ ಒದಗಿಸುವುದು. ಹಿಮಾಲಯದ ನೆತ್ತಿಯಲ್ಲಿ ಒಂದೊಂದು ಗ್ರಾಮಿಗೂ ಲೆಕ್ಕವಿದೆ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಬುತ್ತಿ ಸಿದ್ಧವಾದದ್ದೂ ಇಲ್ಲೇ. ಗಗನಯಾನದ ಯಾತ್ರಿಗಳಿಗೂ ಊಟ ರೂಪಿಸುತ್ತಿರುವುದು ಇದೇ ಸಂಸ್ಥೆ.

ಈ ಪಾಠ ಬಟ್ಟೆಗೂ ಸೋಪಿಗೂ ಸಲ್ಲುತ್ತದೆ. ಶಾಂಪೂ ಬಾಟಲಿಯಲ್ಲಿ ಬಹುಪಾಲು ಇರುವುದು ನೀರೇ. ಒಂದು ಸೋಪಿನ ಬಿಲ್ಲೆ, ಎರಡು ರೂಪಾಯಿಯ ನಾಲ್ಕು ಸ್ಯಾಶೆ ಸಾಕು. ದಪ್ಪನೆಯ ಟರ್ಕಿ ಟವೆಲ್ ಒಮ್ಮೆ ಒದ್ದೆಯಾದರೆ ಒಣಗುವುದು ಮರುದಿನ; ಕರಾವಳಿಯವರ ತೆಳ್ಳನೆಯ ಬೈರಾಸು ಕಿಟಕಿಗೆ ಹರವಿದರೆ ಗಂಟೆಯಲ್ಲಿ ಒಣಗುತ್ತದೆ, ಹೊದೆಯಲೂ ಆಗುತ್ತದೆ, ತಲೆಗೆ ಸುತ್ತಲೂ ಆಗುತ್ತದೆ.

ಹೋಲ್ಡಾಲ್ ಎಲ್ಲಿ ಹೋಯಿತು?

ಐವತ್ತು ದಾಟಿದವರಿಗೆ ಹೋಲ್ಡಾಲ್ ನೆನಪಿರುತ್ತದೆ. ಹಸಿರೋ ಖಾಕಿಯೋ ಬಣ್ಣದ ಕ್ಯಾನ್ವಾಸಿನ ಸುರುಳಿ. ಒಳಗೆ ಹಾಸಿಗೆ, ದಿಂಬು, ಹೊದಿಕೆ. ಸಂದಿಯಲ್ಲಿ ಚಪ್ಪಲಿ, ಚೆಂಬು. ಒಬ್ಬರು ಅದರ ಮೇಲೆ ಮಂಡಿಯೂರಿ ಒತ್ತಬೇಕು, ಇನ್ನೊಬ್ಬರು ಬೆಲ್ಟ್ ಬಿಗಿಯಬೇಕು. ಜೊತೆಗೆ ತಗಡಿನ ಟ್ರಂಕು, ನೀರಿನ ಕೂಜ. ಇಷ್ಟಿಲ್ಲದೆ ರೈಲು ಹತ್ತುವುದುಂಟೇ?

ಹಾಸಿಗೆ ಹೊರುತ್ತಿದ್ದದ್ದು ಶೋಕಿಗಲ್ಲ. ಎರಡನೇ ದರ್ಜೆಯ ಬರ್ತುಗಳು ಬರೀ ಮರದ ಹಲಗೆಗಳಾಗಿದ್ದವು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಆ ಹಲಗೆಗಳ ಮೇಲೆ ಎರಡಿಂಚಿನ ಮೆತ್ತೆ ಹಾಕಿಸಿದರು. ಅದೇ ಡಿಸೆಂಬರ್‌ನಲ್ಲಿ ಮುಂಬೈ-ಕೋಲ್ಕತ್ತ ನಡುವೆ ಹೊರಟ ಗೀತಾಂಜಲಿ ಎಕ್ಸ್‌ಪ್ರೆಸ್‌ನಿಂದ ಶುರುವಾದ ಮೆತ್ತೆ ಕ್ರಮೇಣ ದೇಶದ ಎಲ್ಲ ರೈಲುಗಳಿಗೂ ಬಂತು. ಎ.ಸಿ. ಬೋಗಿಗಳಲ್ಲಿ ಹಾಸು ಹೊದಿಕೆಯನ್ನು ರೈಲ್ವೆಯೇ ಕೊಡತೊಡಗಿತು. ಹೋಲ್ಡಾಲ್ ಸದ್ದಿಲ್ಲದೆ ಅಟ್ಟ ಸೇರಿತು.

ದಾರಿಯಲ್ಲಿ ಸಿಗುವುದನ್ನು ಹೊರುವ ಅಗತ್ಯವಿಲ್ಲ ಎಂದು ಆ ತಲೆಮಾರು ಬೇಗ ಅರಿತುಕೊಂಡಿತು. ನಾವು ಮರೆತಿದ್ದೇವೆ. ಹೋಟೆಲಿನಲ್ಲಿ ಟವೆಲ್ ಇರುತ್ತದೆ, ಊಟಿಯಲ್ಲಿ ಸ್ವೆಟರ್ ಮಾರುತ್ತಾರೆ, ಕಾಶಿಯಲ್ಲೂ ಕ್ರೋಸಿನ್ ಸಿಗುತ್ತದೆ. ಆದರೂ ಎಲ್ಲವೂ ಇಲ್ಲಿಂದಲೇ ಹೊರಡುತ್ತದೆ.

ಬಾಕ್ಸ್: ಚಂದ್ರ ಮೊದಲು, ಚಕ್ರ ಆಮೇಲೆ

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಸೂಟ್‌ಕೇಸಿಗೆ ಚಕ್ರ ಜೋಡಿಸುವ ಯೋಚನೆ ಅಮೆರಿಕದ ಬರ್ನಾರ್ಡ್ ಸ್ಯಾಡೋಗೆ ಹೊಳೆದದ್ದು 1970ರಲ್ಲಿ, ಸಂಸಾರದೊಡನೆ ರಜೆ ಮುಗಿಸಿ ಎರಡು ಭಾರದ ಪೆಟ್ಟಿಗೆ ಎಳೆದಾಡುತ್ತಾ ಅರೂಬಾದಿಂದ ವಾಪಸಾಗುವಾಗ. 1972ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಗಳು ಮೊದಮೊದಲು ಒಲ್ಲೆ ಎಂದವು. ಗಂಡಸರು ಪೆಟ್ಟಿಗೆ ಎತ್ತುತ್ತಾರೆಯೇ ವಿನಾ ಎಳೆಯುವುದಿಲ್ಲ ಎಂಬ ನಂಬಿಕೆ ಅಡ್ಡಬಂದಿತ್ತು. ನೆಟ್ಟಗೆ ನಿಲ್ಲಿಸಿ ಉದ್ದನೆಯ ಹಿಡಿ ಹಿಡಿದು ಎಳೆಯುವ ಇಂದಿನ ಮಾದರಿಯನ್ನು 1987ರಲ್ಲಿ ರೂಪಿಸಿದವರು ರಾಬರ್ಟ್ ಪ್ಲಾತ್ ಎಂಬ ಪೈಲಟ್.

ಚಕ್ರ ಮಾಡಿದ ಮೋಸ

ಚಕ್ರ ಉಪಕಾರವನ್ನೂ ಮಾಡಿತು, ಮೋಸವನ್ನೂ ಮಾಡಿತು. ಹೊರುವಾಗ ಹೆಗಲು ಪ್ರತಿ ಕಿಲೋವಿಗೂ ಲೆಕ್ಕ ಕೇಳುತ್ತಿತ್ತು. ನುಣುಪು ನೆಲದ ಮೇಲೆ ಉರುಳುವ ಪೆಟ್ಟಿಗೆ ಲೆಕ್ಕ ಕೇಳುವುದಿಲ್ಲ. ಕೇಳುವುದು ಆಮೇಲೆ: ಹಂಪಿಯ ಕಲ್ಲುಹಾಸಿನ ಮೇಲೆ, ಗೋಕರ್ಣದ ಮರಳಿನಲ್ಲಿ, ಲಿಫ್ಟ್ ಕೆಟ್ಟ ಲಾಡ್ಜಿನ ಮೂರನೇ ಮಹಡಿಯಲ್ಲಿ, ರೈಲು ಎರಡೇ ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ.

ಗಾಳಿ ಹೀರಿ ಬಟ್ಟೆ ಕುಗ್ಗಿಸುವ ಪ್ಲಾಸ್ಟಿಕ್ ಚೀಲಗಳದ್ದೂ ಇದೇ ಕಥೆ. ಗಾತ್ರ ಅರ್ಧವಾಗುತ್ತದೆ, ತೂಕ ಒಂದು ಗ್ರಾಮೂ ಇಳಿಯುವುದಿಲ್ಲ. ಉಳಿದ ಜಾಗಕ್ಕೆ ಮತ್ತಷ್ಟು ಸೇರುತ್ತದೆ. ಕೌಂಟರಿನಲ್ಲಿ ತೂಗುವುದು ತೂಕವನ್ನೇ.

ಹಾಗಾದರೆ ಹೇಗೆ ಕಟ್ಟಬೇಕು? ಮೊದಲು ಚೀಲ ಆರಿಸಿ, ಬೇಕೆನಿಸಿದ್ದಕ್ಕಿಂತ ಒಂದು ಅಳತೆ ಚಿಕ್ಕದು. ದೊಡ್ಡ ಚೀಲ ಖಾಲಿ ಉಳಿದ ಉದಾಹರಣೆಯೇ ಇಲ್ಲ.

ಬಟ್ಟೆಗೆ ಮೂರರ ಲೆಕ್ಕ ಸಾಕು: ಮೈಮೇಲೊಂದು, ಒಗೆದು ಹರವಿದ್ದೊಂದು, ಚೀಲದಲ್ಲೊಂದು. ವಾರದ ಪ್ರವಾಸಕ್ಕೂ ಅಷ್ಟೇ, ತಿಂಗಳ ಪ್ರವಾಸಕ್ಕೂ ಅಷ್ಟೇ. ಒಂದು ಜೀನ್ಸ್ ಪ್ಯಾಂಟು ಮುಕ್ಕಾಲು ಕಿಲೋದ ಆಸುಪಾಸು ತೂಗುತ್ತದೆ, ಮಳೆಗಾಲದ ಆಗುಂಬೆಯಲ್ಲಂತೂ ಒಣಗುವ ಮಾತೇ ಇಲ್ಲ. ಅದನ್ನೂ ಭಾರದ ಬೂಟನ್ನೂ ತೊಟ್ಟುಕೊಂಡೇ ಹೊರಡಿ. ಚೀಲದಲ್ಲಿ ಒಂದು ಜೊತೆ ಚಪ್ಪಲಿ ಇರಲಿ.

ಸುತ್ತಬೇಕೋ ಮಡಿಸಬೇಕೋ ಎಂಬ ಚರ್ಚೆಗೆ ಉತ್ತರ ಬಟ್ಟೆಯಲ್ಲೇ ಇದೆ. ಟೀ ಶರ್ಟ್, ಲೆಗ್ಗಿಂಗ್ಸ್, ಮಕ್ಕಳ ಬಟ್ಟೆಯಂಥ ಎಳೆದರೆ ಹಿಗ್ಗುವ ಬಟ್ಟೆಗಳನ್ನು ಸುರುಳಿ ಸುತ್ತಿ. ಇಸ್ತ್ರಿ ಮಾಡಿದ ಅಂಗಿ, ಪಂಚೆಯನ್ನು ಅಗಲವಾಗಿ ಮಡಿಸಿ. ಮದುವೆಗೆ ಹೊರಟ ರೇಷ್ಮೆ ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲಿಡಿ. ಜರಿಯ ಮೇಲೆ ಭಾರ ಬಿದ್ದರೆ ಗೆರೆ ಹೋಗುವುದಿಲ್ಲ.

ಸೂಟ್‌ಕೇಸಿನಲ್ಲಿ ಭಾರದ್ದು ಚಕ್ರದ ಕಡೆಗಿರಲಿ, ಇಲ್ಲವಾದರೆ ನಿಲ್ಲಿಸಿದೊಡನೆ ಮುಗ್ಗರಿಸುತ್ತದೆ. ಬೆನ್ನುಚೀಲದಲ್ಲಿ ಭಾರದ್ದು ಬೆನ್ನಿಗೆ ಒತ್ತಿಕೊಂಡಿರಬೇಕು. ಹೊರಬದಿಗೆ ಇಟ್ಟರೆ ಅದು ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಜಗ್ಗುತ್ತದೆ. ಮಲೆನಾಡಿನ ಮಳೆಯಲ್ಲಿ ನಡೆಯುವವರು ಚೀಲದ ಹೊರಗಿನ ಹೊದಿಕೆಯನ್ನಷ್ಟೇ ನಂಬಬಾರದು. ಒಳಗೊಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಾಸಿ ಅದರೊಳಗೆ ಬಟ್ಟೆಯಿಡಿ.

ಮನೆಮಂದಿ ನಾಲ್ವರಿದ್ದರೆ ನಾಲ್ಕು ಟೂತ್‌ಪೇಸ್ಟ್, ನಾಲ್ಕು ಚಾರ್ಜರ್, ನಾಲ್ಕು ಎಣ್ಣೆ ಬಾಟಲಿ ಏಕೆ? ಎಲ್ಲರ ಸಾಮಾನು ಮೊದಲು ಒಂದೇ ಮಂಚದ ಮೇಲೆ ಬರಲಿ. ಎರಡೆರಡು ಸಲ ಬಂದದ್ದು ಆಗ ಕಣ್ಣಿಗೆ ಬೀಳುತ್ತದೆ.

ಮಾತ್ರೆ, ವೈದ್ಯರ ಚೀಟಿ, ಗುರುತಿನ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ ಇವಿಷ್ಟು ಕೈಚೀಲದಲ್ಲೇ ಇರಬೇಕು. ದೊಡ್ಡ ಪೆಟ್ಟಿಗೆ ಬೇರೆ ಊರಿಗೆ ಹಾರಿದರೂ ಒಂದು ದಿನ ದೂಡಬಹುದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪೆಟ್ಟಿಗೆ ಹಾಳಾಗಿ ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕೆಂದು ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ಹೊರಡುವ ಮುನ್ನ ತೆರೆದ ಪೆಟ್ಟಿಗೆಯ ಒಂದು ಫೋಟೊ ತೆಗೆದಿಟ್ಟುಕೊಂಡರೆ ಒಳಗೆ ಏನಿತ್ತೆಂದು ಹೇಳಲು ಸುಲಭ.

ಬಾಕ್ಸ್: ನಮ್ಮ ಅಡುಗೆಮನೆ, ಅವರ ಕಾನೂನು

• ಕೊಬ್ಬರಿ: ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಇಡೀ ಕೊಬ್ಬರಿ ಗಿಟುಕನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ.

• ಗಸಗಸೆ: ಪಾಯಸಕ್ಕೆಂದು ಒಯ್ದರೂ ಯು.ಎ.ಇ. ಮತ್ತು ಸಿಂಗಪುರದಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜ ಎಂಬುದೇ ಕಾರಣ.

• ಹಸಿ ಕರಿಬೇವು: ಅಮೆರಿಕಕ್ಕೆ ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುವ ಕೀಟ ಈ ಎಲೆಯಲ್ಲಿ ಅಡಗಿರಬಹುದು. ದಾಸ್ತಾನು ಹಾಳುಮಾಡುವ ಜೀರುಂಡೆಯ ಭಯದಿಂದ ಭಾರತದ ಅಕ್ಕಿಯನ್ನೂ ಪ್ರಯಾಣಿಕರಿಂದ ಅಲ್ಲಿ ಪಡೆಯುವುದಿಲ್ಲ.

• ಸಾರಿನ ಪುಡಿ: ಅಮೆರಿಕದ ವಿಮಾನಗಳಲ್ಲಿ 350 ಮಿ.ಲೀ. ಅಳತೆ ಮೀರಿದ ಪುಡಿಗಳು ಕೈಚೀಲದಲ್ಲಿದ್ದರೆ 2018ರಿಂದ ಹೆಚ್ಚಿನ ತಪಾಸಣೆ. ದೊಡ್ಡ ಪೆಟ್ಟಿಗೆಗೆ ಹಾಕುವುದೇ ಕ್ಷೇಮ.

• ತುಪ್ಪ, ಉಪ್ಪಿನಕಾಯಿ: ದ್ರವದ ಲೆಕ್ಕ. ದ್ರವ ಸ್ಫೋಟಕದಿಂದ ವಿಮಾನಗಳನ್ನು ಉರುಳಿಸುವ ಸಂಚು 2006ರಲ್ಲಿ ಲಂಡನ್ನಿನಲ್ಲಿ ಬಯಲಾದ ಮೇಲೆ ಬಂದ 100 ಮಿ.ಲೀ. ನಿಯಮ ಇವಕ್ಕೂ ಅನ್ವಯ.

• ಪವರ್ ಬ್ಯಾಂಕ್: ಕೈಚೀಲದಲ್ಲಿ ಮಾತ್ರ. 100 ವ್ಯಾಟ್ ಅವರ್, ಅಂದರೆ ಸುಮಾರು 27,000 ಎಂ.ಎ.ಎಚ್. ಒಳಗಿನದಾದರೆ ತಕರಾರಿಲ್ಲ.

ಭಯಕ್ಕೂ ತೂಕವಿದೆ

ಯಾವ ಮನೆಯ ಪೆಟ್ಟಿಗೆಯನ್ನಾದರೂ ವಾಪಸು ಬಂದ ಮೇಲೆ ಬಿಚ್ಚಿ ನೋಡಿ. ಮಡಿಕೆ ಕೆಡದೆ ಹೋಗಿ ಮಡಿಕೆ ಕೆಡದೆ ಬಂದ ಬಟ್ಟೆಗಳಿರುತ್ತವೆ. ಅವು ಪ್ರವಾಸಕ್ಕೆಂದು ಹೊರಟವಲ್ಲ, ಭಯಕ್ಕೆ ಹೊರಟವು. ಚಳಿಯಾದರೆ? ಯಾರಾದರೂ ಊಟಕ್ಕೆ ಕರೆದರೆ? ಊಟ ಸರಿಹೋಗದಿದ್ದರೆ? ಒಂದೊಂದು ಪ್ರಶ್ನೆಯೂ ಅರ್ಧ ಕಿಲೋ.

ಈ ಭಯವನ್ನು ಗೇಲಿ ಮಾಡಬೇಕಿಲ್ಲ. ಎಲ್ಲರ ಹಸಿವು, ಎಲ್ಲರ ಜ್ವರ ಮನೆಯಲ್ಲಿ ಒಬ್ಬರದೇ ಹೊಣೆಯಾದಾಗ, ಮತ್ತು ಆ ಒಬ್ಬರು ಸಾಮಾನ್ಯವಾಗಿ ಅಮ್ಮನೇ ಆಗಿರುವಾಗ, ಗಂಟು ದಪ್ಪವಾಗುವುದು ಸಹಜ. ಹಗುರಾಗಬೇಕೆಂದರೆ ಹೊಣೆ ಹಂಚಿಹೋಗಬೇಕು. ಎಂಟು ವರ್ಷದ ಮಗು ತನ್ನ ಚೀಲ ತಾನೇ ತುಂಬಬಲ್ಲದು. ಒಂದು ಆಟಿಕೆ ಮರೆತರೆ ಮುಂದಿನ ಬಾರಿ ಮರೆಯುವುದಿಲ್ಲ. ಯಜಮಾನರೂ ತಮ್ಮ ಬನಿಯನ್ ಎಲ್ಲಿದೆ ಎಂದು ಹುಡುಕಿಕೊಳ್ಳಬಲ್ಲರು.

ಹಗುರ ಎಂದರೆ ಎಲ್ಲವನ್ನೂ ಬಿಡುವುದೂ ಅಲ್ಲ. ಕಡಲಾಚೆಯ ಬಾಣಂತಿಗೆ ಅಮ್ಮನ ಕೈಯ ಅಂಟಿನುಂಡೆ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಹೋಗಲೇಬೇಕು. ಅದಕ್ಕೆ ಜಾಗ ಆಗಬೇಕೆಂದೇ ಉಳಿದದ್ದು ಹೊರಗುಳಿಯಬೇಕು.

ಈ ಬೇಸಿಗೆಯಲ್ಲಿ ಹೊರಡುವವರಿಗೆ ಒಂದೇ ಕೋರಿಕೆ. ಹೊರಡುವ ಗಳಿಗೆಯಲ್ಲಿ ಬೇಡ, ಹಿಂದಿನ ದಿನವೇ ಚೀಲ ತುಂಬಿ. ಮನೆಯ ತೂಕದ ಯಂತ್ರದ ಮೇಲೆ ಚೀಲ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಲೆಕ್ಕ ನೋಡಿ. ಆಮೇಲೆ ಚೀಲವನ್ನು ಕೈಯಲ್ಲೇ ಎತ್ತಿಕೊಂಡು ಎರಡು ಮಹಡಿ ಹತ್ತಿ ಇಳಿಯಿರಿ. ಏದುಸಿರು ಬಂದರೆ ಚೀಲ ಬಿಚ್ಚಿ, ಮೂರು ವಸ್ತು ತೆಗೆದು ಕಪಾಟಿನಲ್ಲಿಡಿ. ಜೊತೆಗೊಂದು ಖಾಲಿ ಬಟ್ಟೆಯ ಚೀಲ ಮಡಿಸಿ ಹಾಕಿಕೊಳ್ಳಿ. ಬರುವಾಗ ಅಕ್ಕಪಕ್ಕದವರಿಗೆ ಪೇಡೆಯನ್ನೋ ಪ್ರಸಾದವನ್ನೋ ತರಬೇಕಲ್ಲ!